ತೋಟಾ ಬಿಚ್ಚೋದು ಹೇಗೆ? ಹಲ್ಲಿನಿಂದ ಕಾಲೆಟ್‌ವರೆಗೆ ಒಂದು ಚರಿತ್ರೆ

ಕಳೆದ ವಾರದ ಮಾತನ್ನು ಓದೋ ರೂಪದಲ್ಲಿ ಕೊಡಿ ಅಂತ ಕೇಳಿದವರಿಗಾಗಿ ಇದು. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಪುಣೆಯಲ್ಲಿ ಇರೋರಿಗೆ ಖಡಕಿ ಗೊತ್ತು. ಶಿವಾಜಿನಗರದಿಂದ ಪಿಂಪ್ರಿ ಕಡೆ ಲೋಕಲ್ ಹತ್ತಿದರೆ ದಾರಿಯಲ್ಲೇ ಸಿಗುತ್ತೆ. ಆ ಊರಿನ ಮದ್ದುಗುಂಡಿನ ಕಾರ್ಖಾನೆ ಶುರುವಾಗಿದ್ದು 1869ರಲ್ಲಿ. ನಾನು ಪುಣೆಗೆ ಬಂದು ನೆಲೆಸೋದಕ್ಕೂ ಮೊದಲೇ ಖಡಕಿಯ ಹೆಸರನ್ನು ಓದಿದ್ದೆ. ಎಲ್ಲಿ ಅಂತೀರಿ? ಅಮೆರಿಕದ ಓಹಾಯೋ ರಾಜ್ಯದಲ್ಲಿ, ಒಬ್ಬ ಮುದುಕರ ಗ್ಯಾರೇಜಿನಲ್ಲಿ, ಒಂದು ಹಿತ್ತಾಳೆ ತೋಟಾದ ತಳದಲ್ಲಿ.

ಆಗ ನಾನು ಆನ್‌ಸೈಟ್‌ನಲ್ಲಿದ್ದೆ. ಈರಿ ಸರೋವರದ ಹತ್ತಿರ ಒಂದು ಸಣ್ಣ ಊರು. ಮೇಲಿನ ಮಹಡಿ ನನಗೆ, ಕೆಳಗಡೆ ಓನರ್. ಎಪ್ಪತ್ತು ದಾಟಿದ ಮನುಷ್ಯ. ಅದೇ ಸರೋವರದ ದಂಡೆಯಲ್ಲಿ ಕ್ಯಾಂಪ್ ಪೆರ್ರಿ ಅಂತ ಒಂದು ಜಾಗ ಇದೆ. 1907ರಿಂದ ಅಮೆರಿಕದ ರಾಷ್ಟ್ರೀಯ ರೈಫಲ್ ಸ್ಪರ್ಧೆಗಳು ನಡೆಯೋದು ಅಲ್ಲೇ. ಇವರು ಪ್ರಾಯದಲ್ಲಿ ಅಲ್ಲಿ ಗುರಿ ಹೊಡೆದವರು. ನಾನು ಮಲೆನಾಡಿನವನು, ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು ಅಂತ ಒಂದು ಸಲ ಹೇಳಿದ್ದೇ ತಡ, ಚಳಿಗಾಲದ ಭಾನುವಾರಗಳೆಲ್ಲ ಅವರ ಗ್ಯಾರೇಜಿನಲ್ಲೇ ಕಳೆದುಹೋದವು.

ಒಂದು ಭಾನುವಾರ ಅವರು ಎರಡು ಡಬ್ಬಿ ಹೊರಗೆ ತೆಗೆದರು. ಒಂದರಲ್ಲಿ ಅಮೆರಿಕನ್ ಸೈನ್ಯದ 7.62 ಮಿ.ಮೀ. ತೋಟಾಗಳು. ಇನ್ನೊಂದರಲ್ಲಿ ನಲವತ್ತು ಐವತ್ತು .303 ತೋಟಾಗಳು, ಎರಡನೇ ಮಹಾಯುದ್ಧದ ಕಾಲದವು. ತಿರುಗಿಸಿ ನೋಡಿದರೆ ತಳದಲ್ಲಿ ಕೆ ಮತ್ತು ಎಫ್ ಅಕ್ಷರಗಳು, ನಡುವೆ ಬ್ರಿಟಿಷ್ ಸರ್ಕಾರದ ಬಾಣದ ಗುರುತು. ಕಿರ್ಕೀ ಫ್ಯಾಕ್ಟರಿ. ಅಂದ್ರೆ ನಮ್ಮ ಖಡಕಿ.

"ಇವನ್ನ ಬಿಚ್ಚಬೇಕು. ಯಾವುದರಿಂದ ಬಿಚ್ಚೋದು ಹೇಳು" ಅಂದರು ಓನರ್. ಮೇಜಿನ ಮೇಲೆ ಮೂರು ಸಾಮಾನು ಇತ್ತು: ಒಂದು ಇಕ್ಕಳ, ಒಂದು ಪ್ಲಾಸ್ಟಿಕ್ ತಲೆಯ ಸುತ್ತಿಗೆ, ಪ್ರೆಸ್ಸಿಗೆ ಸಿಕ್ಕಿಸೋ ಒಂದು ಉಕ್ಕಿನ ಕೊಳವೆ.

ಇವತ್ತಿನ ಮಾತು ಆ ಪ್ರಶ್ನೆಯ ಬಗ್ಗೆ. ಸಣ್ಣ ಪ್ರಶ್ನೆ ಅನ್ನಿಸುತ್ತೆ. ಆದರೆ ತೋಟಾ ಬಿಚ್ಚೋದು ಹೇಗೆ ಅನ್ನೋ ಪ್ರಶ್ನೆ ಒಂದು ಕಾಲದಲ್ಲಿ ಒಂದು ಸಾಮ್ರಾಜ್ಯವನ್ನೇ ಅಲ್ಲಾಡಿಸಿತ್ತು.

ಮೊದಲ ಹತಾರ: ಹಲ್ಲು

1857. ಎನ್‌ಫೀಲ್ಡ್ ರೈಫಲ್ಲಿನ ತೋಟಾ ಆಗ ಕಾಗದದ ಕೊಳವೆ. ಒಳಗೆ ಮದ್ದು ಮತ್ತು ಗುಂಡು, ಗುಂಡಿನ ತುದಿಗೆ ಕೊಬ್ಬು ಸವರಿರುತ್ತೆ. ಸಿಪಾಯಿ ಒಂದು ಕೈಯಲ್ಲಿ ಕೋವಿ ಹಿಡಿದು, ತೋಟಾದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರೀಬೇಕು. ಆ ಕೊಬ್ಬು ಹಸುವಿನದೋ ಹಂದಿಯದೋ ಅನ್ನೋ ಸುದ್ದಿ ಆ ವರ್ಷದ ಜನವರಿಯಲ್ಲಿ ಕಲ್ಕತ್ತೆ ಹತ್ತಿರದ ಡಂಡಂನಿಂದ ಹೊರಟಿತು. ಕಚ್ಚೋದು ಬೇಡ, ಕೈಯಲ್ಲೇ ಹರೀರಿ ಅಂತ ಕವಾಯತನ್ನು ಬದಲಾಯಿಸಿದರು. ಹತಾರ ಬದಲಾಯಿತು, ನಂಬಿಕೆ ಮಾತ್ರ ವಾಪಸ್ ಬರಲಿಲ್ಲ. ಏಪ್ರಿಲ್ 24ರಂದು ಮೀರತ್ತಿನ 3ನೇ ಅಶ್ವದಳದ 90 ಸವಾರರಲ್ಲಿ 85 ಮಂದಿ ತೋಟಾ ಮುಟ್ಟಲಿಲ್ಲ. ಮೇ 9ರಂದು ಅವರಿಗೆ ಎಲ್ಲರೆದುರು ಬೇಡಿ ಹಾಕಿದರು. ಮೇ 10ರಂದು ಮೀರತ್ ಹತ್ತಿಕೊಂಡಿತು. ಮುಂದಿನದು ನಿಮಗೆ ಗೊತ್ತು.

ಅದೇ ವರ್ಷ ಆಯುಧಗಳನ್ನು ಒಪ್ಪಿಸಬೇಕು ಅಂತ ಕಾಯ್ದೆ ಬಂತು. ನಮ್ಮ ಮುಧೋಳದ ಹತ್ತಿರದ ಹಲಗಲಿಯ ಬೇಡರು ತಿರುಗಿಬಿದ್ದಿದ್ದು ಅದರ ವಿರುದ್ಧವೇ. ಆ ಲಾವಣಿ ಶಾಲೆಯಲ್ಲಿ ಓದಿದ್ದು ನಿಮಗೂ ನೆನಪಿರಬಹುದು. ಆಮೇಲೆ 1878ರ ಆಯುಧ ಕಾಯ್ದೆ, ಸ್ವಾತಂತ್ರ್ಯ ಬಂದ ಮೇಲೆ 1959ರದ್ದು. ಈ ಕೊನೇ ಕಾಯ್ದೆಯ ವಿಷಯಕ್ಕೆ ಮತ್ತೆ ಬರ್ತೀನಿ.

ಹಿತ್ತಾಳೆ ಬಂತು, ಹಲ್ಲು ಸಾಲದಾಯಿತು

1860ರ ದಶಕದಿಂದ ಕಾಗದ ಹೋಗಿ ಲೋಹದ ತೋಟಾ ಬಂತು. ಹಿತ್ತಾಳೆಯ ಶೀಷೆ ಅಂದುಕೊಳ್ಳಿ. ತಳದಲ್ಲಿ ಕೇಪು, ಒಳಗೆ ಮದ್ದು, ಕತ್ತಿನಲ್ಲಿ ಬಿರಡೆ ಥರ ಕೂತಿರೋ ಗುಂಡು. ಇದನ್ನು ಯಾರೂ ಬಿಚ್ಚಬಾರದು ಅಂತಲೇ ಮಾಡಿರೋದು. ಮಳೆ, ಕೆಸರು, ಹಡಗು, ಕತ್ತೆಯ ಬೆನ್ನು ಎಲ್ಲವನ್ನೂ ತಡೆದು ಇಪ್ಪತ್ತು ವರ್ಷ ಆದ ಮೇಲೂ ಹಾರಬೇಕು. ಅದಕ್ಕೇ ಸೈನ್ಯದ ತೋಟಾದಲ್ಲಿ ಕತ್ತಿನ ಅಂಚನ್ನು ಗುಂಡಿನ ಸುತ್ತ ಒತ್ತಿ ಮಡಚಿರ್ತಾರೆ, ಸಂದಿಗೆ ಡಾಂಬರಿನಂಥ ಅಂಟು ಹಾಕಿರ್ತಾರೆ. ಅಂಗಡಿಯಲ್ಲಿ ಸಿಗೋ ಶಿಕಾರಿ ತೋಟಾಕ್ಕೂ ಸೈನ್ಯದ ಹಳೇ ತೋಟಾಕ್ಕೂ ಇದೇ ದೊಡ್ಡ ವ್ಯತ್ಯಾಸ. ಬಿಚ್ಚುವ ಹತಾರ ಆರಿಸುವಾಗ ಮೊದಲು ನೆನಪಿಡಬೇಕಾದ್ದೂ ಇದನ್ನೇ.

ಹಾಗಾದರೆ ಬಿಚ್ಚೋದು ಯಾಕೆ? ಯುದ್ಧ ಮುಗಿದ ಮೇಲೆ ಉಳಿದ ರಾಶಿ ನೋಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಒಂದೇ 4,000 ಕೋಟಿಗೂ ಹೆಚ್ಚು ಸಣ್ಣ ತೋಟಾಗಳನ್ನು ಮಾಡಿತು. ಯುದ್ಧ ನಿಂತಾಗ ತೋಟಾ, ಮದ್ದು, ಗುಂಡು ಎಲ್ಲವೂ ಬೆಟ್ಟದಂತೆ ಉಳಿಯಿತು. ಇನ್ನೊಂದು ಕಡೆ, ಯುದ್ಧದ ವರ್ಷಗಳಲ್ಲಿ ಸಾಮಾನ್ಯ ಶಿಕಾರಿಯವನಿಗೆ ಒಂದು ಗುಂಡೂ ಸಿಗ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ, ಹಾರಿಸಿದ .22 ತೋಟಾದ ಖಾಲಿ ಚಿಪ್ಪುಗಳನ್ನೇ ಒತ್ತಿ ಗುಂಡಿನ ಹೊದಿಕೆ ಮಾಡೋ ಅಚ್ಚು ತಯಾರಿಸಿದರು. ಇವತ್ತಿನ ಆರ್‌ಸಿಬಿಎಸ್ ಕಂಪನಿ ಹುಟ್ಟಿದ್ದು ಹಾಗೆ. ಕ್ಯಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್ ಯುದ್ಧ ಮುಗಿದ ಮೇಲೆ 50,000 ಪೌಂಡ್ ಸರ್ಕಾರಿ ಮದ್ದು ಕೊಂಡು, ಅದನ್ನಿಡೋದಕ್ಕೆ ಜಾಗ ಇಲ್ಲದೆ ಒಂದು ಹಳೇ ರೈಲು ಡಬ್ಬಿಯನ್ನು ಹುಲ್ಲುಗಾವಲಿಗೆ ತಂದು ನಿಲ್ಲಿಸಿದರು. 150 ಪೌಂಡಿಗೆ 30 ಡಾಲರ್ ಅಂತ ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟು ಮಾರಿದರು.

ಮುಂದೆ ಯೂರೋಪಿನ ಸೈನ್ಯಗಳ ಹಳೇ ಸಾಮಾನೂ ಬರತೊಡಗಿತು. ಕೆನಡಿ ಹತ್ಯೆ ಆಗಿದ್ದು ಅಂಚೆಯಲ್ಲಿ ತರಿಸಿದ ಇಟಲಿಯ ಹಳೇ ಸೇನಾ ರೈಫಲ್ಲಿನಿಂದ. 1968ರ ಕಾಯ್ದೆ ಅಂಥ ಆಮದಿಗೆ ಬಾಗಿಲು ಹಾಕಿತು. 1980ರ ದಶಕದಲ್ಲಿ ಬಾಗಿಲು ಮತ್ತೆ ಸ್ವಲ್ಪ ತೆರೆಯಿತು. ಶೀತಲ ಸಮರ ಮುಗಿದ ಮೇಲೆ ಸೋವಿಯತ್ ತೋಟಾಗಳು 440ರ ಲೆಕ್ಕದಲ್ಲಿ ಬೆಸುಗೆ ಹಾಕಿದ ಡಬ್ಬಿಗಳಲ್ಲಿ ಬಂದವು. ಅಗ್ಗ. ಆದರೆ ಅಗ್ಗದ ಹಿಂದೆ ಒಂದು ತೊಂದರೆ ಇದ್ದೇ ಇರುತ್ತಲ್ಲ? ಹಳೇ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತೆ. ಹಾರಿದ ಮೇಲೆ ಅದು ಉಪ್ಪಾಗಿ ನಳಿಗೆಯಲ್ಲಿ ಕೂತು ಗಾಳಿಯ ತೇವ ಹೀರುತ್ತೆ. ನೀರಲ್ಲಿ ತೊಳೆಯದಿದ್ದರೆ ನಳಿಗೆ ತುಕ್ಕು ಹಿಡಿದುಹೋಗುತ್ತೆ. ಹೀಗಾಗಿ ಒಬ್ಬ ಗುಂಡನ್ನು ಉಳಿಸಿಕೊಂಡು ಉಳಿದದ್ದು ಬಿಡ್ತಾನೆ. ಇನ್ನೊಬ್ಬ ಗುಂಡನ್ನು ಮಾತ್ರ ಬದಲಾಯಿಸ್ತಾನೆ. ಮತ್ತೊಬ್ಬನಿಗೆ ಏನೂ ಬೇಡ, ಅಪಾಯ ಕಳೆದರೆ ಸಾಕು. ಮೂವರ ಕೆಲಸ ಬೇರೆ. ಹಾಗಾಗಿ ಹತಾರವೂ ಬೇರೆ.

ಇಕ್ಕಳ, ಸುತ್ತಿಗೆ, ಕಾಲೆಟ್

ಇಕ್ಕಳದ್ದು ಒಂದೇ ಮಾತು: ಗುಂಡು ಗಾಯ ಆಗುತ್ತೆ. ಹಲ್ಲಿನ ಗುರುತು ಬಿದ್ದ ಗುಂಡು ನೇರ ಹಾರಲ್ಲ. ಎಸೆಯೋ ಗುಂಡಾದರೆ ಮಾತ್ರ ಇಕ್ಕಳ.

ಸುತ್ತಿಗೆಯದ್ದು ನ್ಯೂಟನ್ ಪಾಠ. ತಲೆ ಟೊಳ್ಳು. ತೋಟಾದ ತಳವನ್ನು ಮೇಲ್ಗಡೆ ಹಿಡಿದಿಟ್ಟು, ಗುಂಡು ಕೆಳಮುಖವಾಗಿ ಇರೋ ಹಾಗೆ ಒಳಗೆ ಸೇರಿಸೋದು. ಸುತ್ತಿಗೆಯನ್ನು ಗಟ್ಟಿ ನೆಲಕ್ಕೆ ಹೊಡೆದಾಗ ಚಿಪ್ಪು ತಟ್ಟನೆ ನಿಲ್ಲುತ್ತೆ, ಗುಂಡು ಮಾತ್ರ ಹೋಗ್ತಾ ಇದ್ದ ದಿಕ್ಕಿನಲ್ಲೇ ಹೋಗ್ತೀನಿ ಅನ್ನುತ್ತೆ. ಬಸ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸ್ತೀವಲ್ಲ, ಹಾಗೆ. ಎರಡು ಮೂರು ಏಟಿಗೆ ಗುಂಡು, ಮದ್ದು ಎರಡೂ ಟೊಳ್ಳಿಗೆ ಬೀಳುತ್ತೆ. ಬೆಲೆ ಕಡಿಮೆ, ಎಲ್ಲ ಅಳತೆಗೂ ಆಗುತ್ತೆ, ಗುಂಡಿಗೆ ಗೀರು ಬೀಳಲ್ಲ. ಆದರೆ ನಿಧಾನ, ಸದ್ದು ಜಾಸ್ತಿ, ಮದ್ದು ಚೆಲ್ಲುತ್ತೆ. ಗುಂಡು ಹಗುರ ಆದಷ್ಟೂ ಕಷ್ಟ. 174 ಗ್ರೇನ್ ಅಂದ್ರೆ 11 ಗ್ರಾಂ ಮೀರಿದ .303 ಗುಂಡು ತನ್ನ ತೂಕಕ್ಕೇ ಜಾರುತ್ತೆ. ಮೂರೂವರೆ ಗ್ರಾಮಿನ 5.56 ಗುಂಡಿಗೆ ಹತ್ತು ಏಟು ಬೇಕಾದರೂ ಆಶ್ಚರ್ಯ ಇಲ್ಲ.

ಕಾಲೆಟ್ ಅಂದ್ರೆ ಡ್ರಿಲ್ ಮೆಷಿನ್ನಿನ ಚಕ್ ಇದ್ದ ಹಾಗೆ. ಪ್ರೆಸ್ಸಿನ ಮೇಲ್ಭಾಗಕ್ಕೆ ತಿರುಪಿ ಕೂರಿಸೋದು. ಕೆಳಗಿಂದ ತೋಟಾ ಎತ್ತಿದಾಗ ಗುಂಡು ಕೊಳವೆಯೊಳಗೆ ಬರುತ್ತೆ. ಹಿಡಿ ತಿರುಗಿಸಿದರೆ ಉಕ್ಕಿನ ಬೆರಳುಗಳು ಗುಂಡನ್ನು ಸುತ್ತಲೂ ಸಮನಾಗಿ ಅಮುಕುತ್ತವೆ. ಪ್ರೆಸ್ ಕೆಳಗಿಳಿಸಿದರೆ ಚಿಪ್ಪು ಕೆಳಗೆ, ಗುಂಡು ಮೇಲೆ. ಮದ್ದಿನ ಒಂದು ಕಾಳೂ ಚೆಲ್ಲಲ್ಲ. ನೂರಾರು ಇದ್ದರೆ ಇದೇ ಸರಿ. ಆದರೆ ಪ್ರತಿ ಅಳತೆಗೂ ಬೇರೆ ಕಾಲೆಟ್ ಕೊಳ್ಳಬೇಕು. 7.62ರ ಗುಂಡಿನ ಅಗಲ 0.308 ಇಂಚು, .303ರದ್ದು 0.311 ಇಂಚು. ಹೆಸರು ನೋಡಿದರೆ .303ರದ್ದು ಚಿಕ್ಕದು ಅನ್ನಿಸುತ್ತೆ, ವಾಸ್ತವ ಉಲ್ಟಾ. ಹೆಸರು ನೋಡಿ ಹತಾರ ಕೊಂಡವರು ಮೋಸಹೋಗೋದು ಇಲ್ಲೇ.

ಮೊದಲು ಒಳಕ್ಕೆ ತಳ್ಳು

ಓನರ್ ಮೊದಲು ಕೈ ಹಾಕಿದ್ದು 7.62 ಡಬ್ಬಿಗೆ. ಅವು ಎಂ118 ಅನ್ನೋ ಸೈನ್ಯದ ಸ್ಪರ್ಧಾ ತೋಟಾಗಳು, 173 ಗ್ರೇನ್ ಗುಂಡು. ಚಿಪ್ಪು, ಮದ್ದು ಚೆನ್ನ, ಗುಂಡು ಮಾತ್ರ ಅಷ್ಟಕ್ಕಷ್ಟೆ. ಅವರ ಕಾಲದ ಸ್ಪರ್ಧಿಗಳು ಆ ಗುಂಡನ್ನು ಕಿತ್ತು, ಅದೇ ಮದ್ದಿನ ಮೇಲೆ ಸಿಯೆರಾ ಕಂಪನಿಯ 168 ಗ್ರೇನ್ ಗುಂಡು ಕೂರಿಸ್ತಿದ್ದರು. ಶೂಟರ್‌ಗಳ ಬಾಯಲ್ಲಿ ಅದಕ್ಕೆ 'ಮೆಕ್ಸಿಕನ್ ಮ್ಯಾಚ್' ಅಂತ ಹೆಸರು. ಇಲ್ಲಿ ಸುತ್ತಿಗೆ ತಗೊಂಡ್ರೆ ಮದ್ದೆಲ್ಲ ಸುರಿದು, ಪ್ರತಿಯೊಂದಕ್ಕೂ ಮತ್ತೆ ತೂಗಿ ಹಾಕಬೇಕು. ಮದ್ದು ಅಲುಗಾಡಬಾರದು ಅಂದ್ರೆ ಕಾಲೆಟ್ ಒಂದೇ ದಾರಿ.

ನಾನು ಹಿಡಿ ತಿರುಗಿಸಿ ಎಳೆದೆ. ಗುಂಡು ಬರಲಿಲ್ಲ, ಕಾಲೆಟ್ಟೇ ಜಾರಿತು. ಇನ್ನೂ ಬಿಗಿ ಮಾಡೋಕೆ ಹೋದೆ. ಅವರು ಕೈ ಹಿಡಿದರು. "ಹೊರಗೆ ಎಳೆಯೋ ಮೊದಲು ಸ್ವಲ್ಪ ಒಳಕ್ಕೆ ತಳ್ಳಬೇಕು" ಅಂದರು. ಗುಂಡು ಕೂರಿಸೋ ಅಚ್ಚಿನಿಂದ ಕೂದಲೆಳೆಯಷ್ಟು ಒಳಗೆ ಒತ್ತಿದಾಗ 'ಟಕ್' ಅಂತ ಸದ್ದು. ಡಾಂಬರಿನ ಅಂಟು ಬಿಟ್ಟಿತು. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ಹೊಸ ಗುಂಡಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಸೈನ್ಯದ ಗುಂಡಿಗೆ ತಾಮ್ರದ ಹೊದಿಕೆ ಮೂತಿಯಲ್ಲಿ ಮುಚ್ಚಿ, ಬುಡದಲ್ಲಿ ತೆರೆದಿರುತ್ತೆ. ಸ್ಪರ್ಧಾ ಗುಂಡಿಗೆ ತದ್ವಿರುದ್ಧ. ಬುಡ ಒಂದೇ ಸಮ ಇದ್ದಷ್ಟೂ ಗುರಿ ಚೆನ್ನ. ಆದರೆ ಈ ತೂತಿನ ಹಿಂದೆ ಇನ್ನೊಂದು ಕಥೆ ಇದೆ, ಅದೂ ನಮ್ಮ ನೆಲದ್ದೇ. 1890ರ ದಶಕದಲ್ಲಿ ಡಂಡಂ ಕಾರ್ಖಾನೆಯಲ್ಲಿ ಬರ್ಟಿ-ಕ್ಲೇ ಅನ್ನೋ ಅಧಿಕಾರಿ ಗುಂಡಿನ ಮೂತಿಯ ಹೊದಿಕೆ ತೆಗೆದು, ಮೈಯೊಳಗೆ ಹೊಕ್ಕಾಗ ಅರಳೋ ಹಾಗೆ ಮಾಡಿದ. ಅದೇ 'ಡಂಡಂ ಬುಲೆಟ್'. 1899ರ ಹೇಗ್ ಘೋಷಣೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಅದಕ್ಕೇ ಅಮೆರಿಕನ್ ಸೈನ್ಯ ತಾನೇ ಇಂಥ 168 ಗ್ರೇನ್ ಗುಂಡಿನ ಎಂ852 ತೋಟಾ ತಂದಾಗ ಪೆಟ್ಟಿಗೆಯ ಮೇಲೆ ಯುದ್ಧಕ್ಕೆ ಬಳಸಬಾರದು ಅಂತ ಬರೆದಿತ್ತು. ಈ ತೂತು ಇರೋದು ಗುರಿಗಾಗಿ, ಅರಳೋದಕ್ಕಲ್ಲ ಅಂತ ಸೈನ್ಯದ ಕಾನೂನು ತಜ್ಞರು ಅಭಿಪ್ರಾಯ ಕೊಟ್ಟು ದಾರಿ ಬಿಟ್ಟಿದ್ದು ಆಮೇಲೆ. ಕಲ್ಕತ್ತೆಯ ಒಂದು ಬಡಾವಣೆಯ ಹೆಸರು ಓಹಾಯೋದ ಗ್ಯಾರೇಜಿನವರೆಗೂ ಬಂದಿದ್ದು ಹೀಗೆ.

ಖಡಕಿಯ ಡಬ್ಬಿ

ಇನ್ನು .303. ಅವರಿಗೆ ಇದರಲ್ಲಿ ಏನನ್ನೂ ಉಳಿಸಿಕೊಳ್ಳೋದಿರಲಿಲ್ಲ. ಹದಿನಾಲ್ಕು ವರ್ಷದ ಮೊಮ್ಮಗ ರಜೆಗೆ ಬರೋನಿದ್ದ. ಮನೆಯಲ್ಲೊಂದು ಲೀ-ಎನ್‌ಫೀಲ್ಡ್ ಇತ್ತು. ಹುಡುಗನಿಗೆ ಅದರ ಮೇಲೇ ಕಣ್ಣು. ಹಳೇ ತೋಟಾದಲ್ಲಿ ಕೆಲವು ಸಲ ಹೀಗಾಗುತ್ತೆ: ಕುದುರೆ ಎಳೆದಾಗ ಬರೀ 'ಕ್ಲಿಕ್', ಒಂದು ಕ್ಷಣ ಬಿಟ್ಟು ಹಾರುತ್ತೆ. ಅನುಭವಸ್ಥ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕಾಯ್ತಾನೆ. ಹುಡುಗ ಹಾರಲಿಲ್ಲ ಅಂತ ಬೋಲ್ಟ್ ಎಳೆದುಬಿಟ್ಟರೆ? ತೋಟಾ ಮುಖದ ಮುಂದೆ ಸಿಡಿಯುತ್ತೆ. "ಈ ಡಬ್ಬಿ ಅವನು ಬರೋಷ್ಟರಲ್ಲಿ ಇರಕೂಡದು" ಅಂದರು.

ನಲವತ್ತೈವತ್ತು ತೋಟಾ, ಭಾರದ ಗುಂಡು, ಮದ್ದು ಹೇಗೂ ಎಸೆಯೋದೇ, 0.311ರ ಕಾಲೆಟ್ ಇಲ್ಲ. ಸುತ್ತಿಗೆ ಅಂದೆ. ಸರಿ ಅಂದರು. ಆದರೆ ಸುತ್ತಿಗೆಗೆ ಮೊದಲು ಪ್ರತಿಯೊಂದರ ಮೂತಿ, ಬಣ್ಣ ನೋಡಿ ಬೇರೆ ಇಟ್ಟರು. ಬೆಂಕಿ ಉಗುಳೋ, ಹೊಗೆ ಗೆರೆ ಬಿಡೋ, ಒಳಗೆ ಸಿಡಿಮದ್ದು ಇರೋ ಗುಂಡುಗಳನ್ನು ಯಾವತ್ತೂ ಬಡಿಯಬಾರದು. ತಳದ ಅಂಚಿನಲ್ಲೇ ಕೇಪಿನ ಮದ್ದಿರೋ .22ರಂಥ ತೋಟಾಗಳನ್ನೂ ಅಷ್ಟೆ. ಸುತ್ತಿಗೆ ಜೊತೆ ಕೊಟ್ಟಿರೋ ಹಿಡಿಕೆ ಬಿಟ್ಟು ಪ್ರೆಸ್ಸಿನ ಹಿಡಿಕೆ ಹಾಕಿದರೆ ಏಟಿಗೆ ಕೇಪು ಸಿಡಿಯೋ ಸಾಧ್ಯತೆ ಇದೆ. ಕಣ್ಣಿಗೆ ಕನ್ನಡಕ ಇಲ್ಲದೆ ಕೂರುವ ಹಾಗೇ ಇಲ್ಲ.

ನಾನು ಮರದ ಹಲಗೆಯ ಮೇಲೆ ಹೊಡೆದೆ. ಆರು ಏಟು ಹೊಡೆದರೂ ಏನೂ ಆಗಲಿಲ್ಲ, ಹಲಗೆ ಏಟನ್ನು ನುಂಗ್ತಿತ್ತು. ಕಾಂಕ್ರೀಟಿಗೆ ಬದಲಾಯಿಸಿದ ಮೇಲೆ ಮೂರನೇ ಏಟಿಗೆ ಗುಂಡು ಬಿತ್ತು. ಮದ್ದು ಮಾತ್ರ ಬೀಳಲಿಲ್ಲ. ಬಗ್ಗಿ ನೋಡಿದೆ. ಒಂದು ದಪ್ಪ ಕಾಗದದ ಬಿಲ್ಲೆ, ಅದರ ಕೆಳಗೆ ಕಂದು ಬಣ್ಣದ ಶಾವಿಗೆ ಕಂತೆ!

ಅದೇ ಕಾರ್ಡೈಟ್. 1889ರಲ್ಲಿ ಏಬೆಲ್ ಮತ್ತು ಡ್ಯೂವರ್ ಕಂಡುಹಿಡಿದ ಹೊಗೆ ಕಡಿಮೆ ಇರೋ ಮದ್ದು. ಮೊದಲಿನ ಪಾಕ: ನೈಟ್ರೋಗ್ಲಿಸರಿನ್ 58 ಭಾಗ, ಗನ್‌ಕಾಟನ್ 37, ಉಳಿದ 5 ಭಾಗ ವ್ಯಾಸಲೀನ್‌ಥರದ ಜೆಲ್ಲಿ. ಒತ್ತಿ ಹುರಿಯಂತೆ ಎಳೆಯೋದರಿಂದ ಆ ಹೆಸರು. ಈ ಕಂತೆ ಆ ಸಣ್ಣ ಕತ್ತಿನೊಳಗೆ ಹೋಗಿದ್ದಾದರೂ ಹೇಗೆ? ಚಿಪ್ಪು ನೆಟ್ಟಗಿನ ಕೊಳವೆ ಆಗಿರುವಾಗಲೇ ಕಂತೆ ಇಟ್ಟು, ಆಮೇಲೆ ಕತ್ತು ಹಿಸುಕ್ತಿದ್ದರು. ಬಾಟಲಿಯೊಳಗಿನ ಹಡಗಿನ ಥರ. ಈಗ ಚಿಮಟದಲ್ಲಿ ಒಂದೊಂದೇ ಎಳೆ ಎಳೀಬೇಕು. ನಮ್ಮ ದೇಶದಲ್ಲಿ ಕಾರ್ಡೈಟ್ ಮಾಡೋದಕ್ಕೆ 20ನೇ ಶತಮಾನದ ಶುರುವಿನಲ್ಲೇ ನೀಲಗಿರಿಯ ಅರವಂಕಾಡಿನಲ್ಲಿ ಕಾರ್ಖಾನೆ ಬಂತು. ಚೆನ್ನೈ ಕಡೆಯವರು ಊಟಿ ರೈಲಿನಲ್ಲಿ ಹೋಗುವಾಗ ಆ ಸ್ಟೇಷನ್ ಹೆಸರು ನೋಡಿರ್ತೀರಿ.

ನಾಲ್ಕೈದು ತೋಟಾಗಳ ಕತ್ತಿನಲ್ಲಿ ಉದ್ದಕ್ಕೆ ಸೀಳು ಬಿಟ್ಟಿತ್ತು. ಅವುಗಳ ಗುಂಡು ಒಂದೇ ಏಟಿಗೆ ಉದುರಿತು. ಹಳೇದಾಯ್ತು, ಸೀಳಿತು ಅಂದುಕೊಂಡೆ. ಓನರ್ ನಕ್ಕರು. "ಇದರ ಕಥೆ ನಿನಗೇ ಗೊತ್ತಿರಬೇಕಿತ್ತು, ಇದು ನಿಮ್ಮ ಮಳೆಯ ಕಾಯಿಲೆ."

ನಿಜ. 19ನೇ ಶತಮಾನದಲ್ಲಿ ಭಾರತದ ಬ್ರಿಟಿಷ್ ಸೈನ್ಯಕ್ಕೆ ಒಂದು ಒಗಟು ಕಾಡ್ತಿತ್ತು. ಮಳೆಗಾಲ ಬಂದರೆ ದಂಡಿನ ಕೆಲಸ ಕಡಿಮೆ. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಟ್ಟುಬಿಡ್ತಿದ್ದರು. ಮಳೆ ನಿಂತ ಮೇಲೆ ತೆಗೆದರೆ ಕತ್ತುಗಳೆಲ್ಲ ಬಿರುಕು. ಋತುವಿಗೆ ಅಂಟಿದ ಕಾಯಿಲೆ ಅಂತ ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಅಂತಲೇ ಹೆಸರು ಬಂತು. ಕಾರಣ ಪಕ್ಕಾ ಗೊತ್ತಾಗಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಅಮೋನಿಯಾ ಏಳುತ್ತೆ. ತಣ್ಣಗಿರುವಾಗಲೇ ಎಳೆದು ಹಿಸುಕಿದ ಹಿತ್ತಾಳೆಯೊಳಗೆ ಬಿಗುವು ಉಳಿದಿರುತ್ತೆ. ಎರಡೂ ಸೇರಿದರೆ ಬಿರುಕು. ಬಿಗುವು ಎಲ್ಲಿ ಹೆಚ್ಚು? ಗುಂಡನ್ನು ಹಿಡಿದಿರೋ ಕತ್ತಿನಲ್ಲಿ. ಕತ್ತನ್ನು ಕಾಯಿಸಿ ಹದ ಮಾಡಿದರೆ ಬಿಗುವು ಇಳಿಯುತ್ತೆ. ಇವತ್ತಿಗೂ ಅಮೆರಿಕನ್ ಸೈನ್ಯದ ತೋಟಾಗಳ ಕತ್ತಿನಲ್ಲಿ ನೀಲಿ ಕಂದು ಛಾಯೆ ಕಾಣುತ್ತಲ್ಲ, ಅದು ಆ ಕಾಯಿಸಿದ ಗುರುತು. ಎಂಜಿನಿಯರಿಂಗ್‌ನಲ್ಲಿ 'ಸ್ಟ್ರೆಸ್ ಕರೋಷನ್' ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಅದರ ಹಿಂದೆ ಕುದುರೆ ಲಾಯ, ಜಡಿಮಳೆ ಇತ್ತು ಅಂತ ಮೇಷ್ಟ್ರು ಹೇಳಿರಲಿಲ್ಲ.

ಸಂಜೆಯೊಳಗೆ ಡಬ್ಬಿ ಖಾಲಿ. ಎಲ್ಲ ಮುಗಿದ ಮೇಲೆ ಓನರ್ ಒಂದು ಚಿಪ್ಪನ್ನು ಒರೆಸಿ ಕೈಗೆ ಕೊಟ್ಟರು. "ನಿಮ್ಮೂರಿನದು, ತಗೊಂಡು ಹೋಗು."

ಆಸೆ ಆಯಿತು. ಆದರೆ ಅದರ ತಳದಲ್ಲಿ ಕೇಪು ಇನ್ನೂ ಜೀವಂತ ಇತ್ತು. ನಮ್ಮ 1959ರ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ಇಡೀ ತೋಟಾ ಮಾತ್ರ ಅಲ್ಲ, ಅದರ ಭಾಗಗಳೂ ಸೇರ್ತವೆ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ತೋಟಾಕ್ಕೆ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದು ಕೋರ್ಟು ಅಲೆದವರ ಸುದ್ದಿ ಪೇಪರಿನಲ್ಲಿ ನೀವೂ ಓದಿರ್ತೀರಿ. ಫೋಟೋ ತೆಗೆದುಕೊಂಡು ಚಿಪ್ಪನ್ನು ವಾಪಸ್ ಕೊಟ್ಟೆ.

ಹಾಗಾಗಿ ಒಂದು ಮಾತು. ಈ ಹತಾರಗಳು ಅಲ್ಲಿನ ಕಾನೂನು, ಅಲ್ಲಿನ ಹವ್ಯಾಸದವು. ಊರಿಗೆ ಹೋದಾಗ ಅಜ್ಜನ ಟ್ರಂಕಿನಲ್ಲಿ, ಅಟ್ಟದ ಮೇಲೆ ಹಳೇ ತೋಟಾ ಸಿಕ್ಕಿದರೆ ಸುತ್ತಿಗೆ, ಇಕ್ಕಳ ಹುಡುಕಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಂಡು, ಮುಟ್ಟದೆ, ಪೊಲೀಸ್ ಠಾಣೆಗೆ ತಿಳಿಸಿ. ಲೈಸೆನ್ಸ್ ಇರೋ ಮನೆಯಾದರೂ, ಲೈಸೆನ್ಸಿನಿಂದ ವಿನಾಯಿತಿ ಇರೋ ಕೊಡವರ ಮನೆಯಾದರೂ, ಹಳೇ ಮದ್ದಿಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಆ ಬೇಸಿಗೆಯಲ್ಲಿ ಮೊಮ್ಮಗ ಬಂದ. ಅಂಗಡಿಯಿಂದ ತಂದ ಹೊಸ ತೋಟಾದಲ್ಲಿ ತಾತನ ಪಕ್ಕ ಮಲಗಿ ಗುರಿ ಹೊಡೆದ. ನಾನು ಅಷ್ಟರಲ್ಲಿ ವಾಪಸ್ ಬಂದಿದ್ದೆ, ಅವರು ಫೋಟೋ ಕಳಿಸಿದರು. ಈಗ ಲೋಕಲ್ ಖಡಕಿಯಲ್ಲಿ ನಿಂತಾಗಲೆಲ್ಲ ನೆನಪಾಗುತ್ತೆ. ಇಲ್ಲಿಯ ಯಾರೋ ಕೆಲಸಗಾರರು ಯಾರೂ ಬಿಚ್ಚಲಾಗದ ಹಾಗೆ ಮುಚ್ಚಿ ಕಳಿಸಿದ್ದನ್ನು, ಎಪ್ಪತ್ತು ವರ್ಷ ಆದ ಮೇಲೆ, ಸಮುದ್ರದಾಚೆ ಕೂತು ನಾನು ಬಿಚ್ಚಿದ್ದೆ. ಒಂದು ಮಗುವಿನ ಕಣ್ಣು ಉಳಿಯಲಿ ಅಂತ.